ಬುಧವಾರ ಮಧ್ಯಾಹ್ನದ ಓದುಗರು

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ದಾಂಡೇಲಿಯ ನಮ್ಮ ಗ್ರಂಥಾಲಯದ ಬಾಗಿಲನ್ನು ಪ್ರತಿ ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೆಣ್ಣುಮಕ್ಕಳಿಗಾಗಿ ತೆರೆಸಿದವನು ನಾನು. ಹೀಗೆ ನೇರವಾಗಿ ಹೇಳಿದರೆ ಆತ್ಮಪ್ರಶಂಸೆ ಎನಿಸೀತು, ಎನಿಸಲಿ. ಆ ಎರಡು ಗಂಟೆಗಳಿಗಾಗಿ ಹದಿನಾಲ್ಕು ತಿಂಗಳು ಕಾದು, ಹನ್ನೊಂದು ಪತ್ರ ಬರೆದವನಿಗೆ ಅಷ್ಟು ಹೇಳಿಕೊಳ್ಳುವ ಅಧಿಕಾರವಿದೆಯೆಂದು ನಾನು ಭಾವಿಸಿದ್ದೇನೆ.

ಆಗ ಗ್ರಂಥಾಲಯವು ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯವರೆಗೆ, ಮತ್ತೆ ಸಂಜೆ ನಾಲ್ಕರಿಂದ ಎಂಟರವರೆಗೆ ತೆರೆದಿರುತ್ತಿತ್ತು. ಕಾಗದದ ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬಿಟ್ಟಿತೆಂದರೆ ಹತ್ತೇ ನಿಮಿಷದಲ್ಲಿ ನಮ್ಮ ಬೆಂಚುಗಳು ಭರ್ತಿ. ಒಂದು ದಿನಪತ್ರಿಕೆಯನ್ನು ನಾಲ್ವರು ನಾಲ್ಕು ಹಾಳೆಗಳಾಗಿ ಹಂಚಿಕೊಂಡು ಓದುವರು. ಕಾರ್ಮಿಕರ ವಸತಿಯ ಹೆಂಗಸರು ಕಾಯಿಪಲ್ಲೆಯ ಚೀಲ ಹಿಡಿದು ಬಾಗಿಲ ಮುಂದೆ ಹಾಯುವಾಗ ನಡಿಗೆಯನ್ನು ತುಸು ನಿಧಾನಗೊಳಿಸುತ್ತಿದ್ದರು. ಒಳಗಿನ ಕಪಾಟುಗಳ ಕಡೆ ಒಮ್ಮೆ ನೋಡಿ ಮತ್ತೆ ಬಿರುಸಾಗಿ ಹೋಗುತ್ತಿದ್ದರು. ಒಬ್ಬಳನ್ನು ನಾನೇ ಕರೆದೆ. "ಅಷ್ಟು ಗಂಡಸರ ನಡುವ ಹೆಂಗ ಬರೂದ್ರಿ?" ಎಂದಳು. ನಡುಹಗಲು ಮುಚ್ಚಿರುವ ಬಾಗಿಲೊಂದು ಮಾತ್ರ ನನ್ನ ಕೈಯಲ್ಲಿತ್ತು.

ಪತ್ರ ಬರೆದೆ. ಮಧ್ಯಾಹ್ನದ ಬಿಡುವು ನೌಕರನ ವಿಶ್ರಾಂತಿಗೆಂದು ಮೇಲಿನಿಂದ ಉತ್ತರ ಬಂತು. ನನಗೆ ವಿಶ್ರಾಂತಿ ಬೇಡವೆಂದು ಬರೆದೆ. ಬೇಡವೆನ್ನಲು ನಿಮಗೆ ಅಧಿಕಾರವಿಲ್ಲವೆಂದು ಬಂತು. ಅಧಿಕಾರ ಕೊಡಿರೆಂದು ಬರೆದೆ. ಹೀಗೆ ಹನ್ನೊಂದು ಸಲ. ಕೊನೆಗೆ ಎರಡು ಸಾಲಿನ ಅನುಮತಿ ಬಂತು, ಒಂದು ಷರತ್ತಿನ ಸಮೇತ: ಕನ್ನಡ ಓದಬಲ್ಲ ಮಹಿಳೆಯರಿಗೆ ಮಾತ್ರ ಸದಸ್ಯತ್ವ, ಒಬ್ಬರ ಕಾರ್ಡನ್ನು ಮತ್ತೊಬ್ಬರು ಬಳಸತಕ್ಕದ್ದಲ್ಲ.

ಐದು ಬುಧವಾರ ಬಾಗಿಲು ತೆರೆದು ಒಬ್ಬನೇ ಕುಳಿತೆ. ಯಾರೂ ಬರಲಿಲ್ಲ. ಆರನೆಯ ಬುಧವಾರ ಇಬ್ಬರು ಬಂದರು. ಒಬ್ಬಳು ಮಾಲವ್ವ, ಧಾರವಾಡ ಕಡೆಯಿಂದ ಬಂದು ಕಾರ್ಖಾನೆಯ ಬಾಯ್ಲರ್ ವಿಭಾಗ ಸೇರಿದವನ ಹೆಂಡತಿ. ಇನ್ನೊಬ್ಬಳು ಅವಳ ಪಕ್ಕದ ಮನೆಯ ಹಾಜಿರಾಬಿ, ಗ್ಯಾರೇಜಿನ ಮೆಕ್ಯಾನಿಕ್ ವಜೀರನ ಹೆಂಡತಿ; ಮದುಮಕ್ಕಳ ಕೈಗೆ ಮೆಹಂದಿ ಹಾಕುವುದರಲ್ಲಿ ಹೆಸರಾದವಳು. ಷರತ್ತಿಗೆ ಭಂಗ ಬರಬಾರದೆಂದು ನಾನು ದಿನಪತ್ರಿಕೆಯ ಒಂದೇ ಸುದ್ದಿಯನ್ನು ಇಬ್ಬರಿಂದಲೂ ಓದಿಸಿದೆ. ಮಾಲವ್ವ ಬೆರಳಿಟ್ಟುಕೊಂಡು ತಡೆತಡೆದು ಓದಿದಳು. ಹಾಜಿರಾಬಿಯಾದರೋ ಹಾಳೆಯ ಮೇಲೆ ಕಣ್ಣನ್ನು ಸರಿಯಾಗಿ ಇಡದೆಯೇ ನೀರು ಹರಿದಂತೆ ಒಪ್ಪಿಸಿಬಿಟ್ಟಳು. ಉರ್ದು ಶಾಲೆಯಲ್ಲಿ ಓದಿದವಳು ಕನ್ನಡದಲ್ಲಿ ಇಷ್ಟು ನಿರರ್ಗಳವಾಗಿರುವುದನ್ನು ಕಂಡು ನಾನು ದಿನಚರಿಯಲ್ಲಿ 'ಅತ್ಯುತ್ತಮ' ಎಂದು ಬರೆದುಕೊಂಡೆ. ವರ್ಷ ತುಂಬುವುದರೊಳಗೆ ಬುಧವಾರದ ಸದಸ್ಯರು ಅರವತ್ಮೂರು ಜನರಾದರು. ಏಳು ವರ್ಷಗಳಲ್ಲಿ ನಾನೂರರ ಸಮೀಪ ಪುಸ್ತಕ ಒಯ್ದ ಹಾಜಿರಾಬಿಗೆ 'ಉತ್ತಮ ವಾಚಕಿ' ಎಂಬ ಪ್ರಶಸ್ತಿಪತ್ರವನ್ನು ನನ್ನ ಕೈಯಾರೆ ಬರೆದು, ಚೌಕಟ್ಟು ಹಾಕಿಸಿ, ಸಭೆಯಲ್ಲಿ ಕೊಟ್ಟೆ.

ಈ ಕಥೆಯನ್ನು ನಾನು ನನ್ನ ನಿವೃತ್ತಿಯ ದಿನ ಹೇಳಿದ್ದೇನೆ, ಹಳಿಯಾಳದ ಶಾಲೆಗಳಲ್ಲಿ ಹೇಳಿದ್ದೇನೆ, ಮುಂಡಗೋಡದ ಒಂದು ಮದುವೆಯ ಊಟದ ಪಂಕ್ತಿಯಲ್ಲಿಯೂ ಹೇಳಿದ್ದೇನೆ. ಈಗಿನ ಗ್ರಂಥಪಾಲಕಿ ಸಾಯಿಮಾಳಿಗೆ ನಾಲ್ಕು ಸಲ ಹೇಳಿದ್ದೇನೆ. ನಾಲ್ಕನೆಯ ಸಲ ಅವಳು ಆಕಳಿಕೆಯನ್ನು ಓಢಣಿಯ ಅಂಚಿನಲ್ಲಿ ಮರೆಸಿದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ.

ಸಾಯಿಮಾಳಿಗೆ ಇಪ್ಪತ್ತಾರು ವರ್ಷ. ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಕಲಿತು, ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ್ದಾಳೆ; ದಿನವೂ ಹಳಿಯಾಳದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಹೊಸ ಕಟ್ಟಡದಲ್ಲಿ ಬುಧವಾರದ ಪ್ರತ್ಯೇಕ ಹೊತ್ತು ಈಗ ಉಳಿದಿಲ್ಲ. ಬಾಗಿಲು ದಿನವಿಡೀ ತೆರೆದಿರುತ್ತದೆ, ಯಾರು ಬೇಕಾದರೂ ಬರಬಹುದು. ಬರುವವರಲ್ಲಿ ಮುಕ್ಕಾಲು ಪಾಲು ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರು ತಮ್ಮ ಪುಸ್ತಕ ತಾವೇ ತಂದು, ಕಿವಿಗೆ ಅರಳೆ ತುರುಕಿಕೊಂಡು ಕೂಡುತ್ತಾರೆ. ನಮ್ಮ ಕಪಾಟುಗಳಿಗೆ ಬೆನ್ನು ಮಾಡಿರುತ್ತಾರೆ.

ಕಳೆದ ನವೆಂಬರ್ ತಿಂಗಳ ಒಂದು ಸೋಮವಾರ ಸಾಯಿಮಾ ನನ್ನನ್ನು ಕರೆಸಿದಳು. ಎಲ್ಲ ಪುಸ್ತಕಗಳಿಗೂ ಬಾರ್‌ಕೋಡ್ ಅಂಟಿಸುವ ಕೆಲಸ ನಡೆದಿತ್ತು. ಅದಕ್ಕೆ ಮೊದಲು ಹರಿದದ್ದು, ಹುಳ ತಿಂದದ್ದು, ಕಲೆಯಾದದ್ದು ಇವನ್ನೆಲ್ಲ ಆರಿಸಿ ತೆಗೆಯಬೇಕೆಂದು ಆದೇಶ. ತೆಗೆದವುಗಳ ಪಟ್ಟಿಗೆ ಸಲಹಾ ಸಮಿತಿಯ ಮೂವರು ಸಹಿ ಮಾಡಬೇಕು. ಇಬ್ಬರದು ಆಗಿತ್ತು, ಮೂರನೆಯದು ನನ್ನದು.

"ಇನ್ನೂರಾ ಮೂವತ್ತು ಪುಸ್ತಕ ಅದಾವ್ರಿ ಸರ್," ಎಂದಳು. "ಹುಳಾ ತಿಂದದ್ದು ನಲವತ್ತರ ಮ್ಯಾಲ ಇಲ್ಲ. ಉಳಿದದ್ದೆಲ್ಲ ಕಲಿ ಬಿದ್ದದ್ದು. ಬುಧವಾರ ಮೂರಕ್ಕ ರದ್ದಿ ಗಾಡಿ ಬರತೈತಿ."

"ಇತ್ತೀಚಿನ ಮಂದೀ ಕೆಲಸ ಇರಬೇಕು," ಎಂದೆ. "ನನ್ನ ಇಪ್ಪತ್ತೆಂಟು ವರ್ಷದ ಸರ್ವಿಸಿನ್ಯಾಗ ಒಬ್ಬ ವಾಚಕ ಪುಸ್ತಕದ ಮ್ಯಾಲ ಪೆನ್ಸಿಲ್ ಗೆರೀ ಸೈತ ಎಳದಿಲ್ಲ, ತಿಳೀತೇನು?"

ಸಾಯಿಮಾ ಒಂದು ಪುಸ್ತಕವನ್ನು ನನ್ನ ಕಡೆ ಸರಿಸಿದಳು. ಕೊನೆಯ ಪುಟದ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಕೆಂಗಂದು ಬಣ್ಣದ ಒಂದು ಚುಕ್ಕೆ. ಒಳಗೆ ಅಲ್ಲಲ್ಲಿ ಅಂಚಿನಲ್ಲಿ ಹಳದಿಯ ಹೆಬ್ಬೆಟ್ಟಿನ ಗುರುತು. ಇನ್ನೊಂದನ್ನು ತೆರೆದೆ, ಅದೇ ಚುಕ್ಕೆ, ಅದೇ ಹೆಬ್ಬೆಟ್ಟು. ಮೂರನೆಯದೂ ಹಾಗೆಯೇ. ಬೆನ್ನಿಗಂಟಿದ ದಿನಾಂಕದ ಚೀಟಿಯನ್ನು ನೋಡಿದೆ: ಎಂಬತ್ತಾರು, ಎಂಬತ್ತೊಂಬತ್ತು, ತೊಂಬತ್ತೆರಡು. ಪ್ರತಿಯೊಂದು ಮುದ್ರೆಯನ್ನೂ ಒತ್ತಿದ ಕೈ ನನ್ನದು.

"ನಿಮ್ಮ ಕಾಲದ ಪುಸ್ತಕಾನ ಸರ್," ಎಂದು ಸಾಯಿಮಾ ಮೆಲ್ಲಗೆ ಹೇಳಿದಳು. ಚುಚ್ಚಬೇಕೆಂದಲ್ಲ, ಆದರೂ ಚುಚ್ಚಿತು.

ನಾನು ಪಟ್ಟಿಯನ್ನು ಓದಲಿಲ್ಲ. ಆ ಕಲೆಗಳ ಕಾರಣವನ್ನು ವಿಚಾರಿಸಲಿಲ್ಲ. ಅವು ಆದಷ್ಟು ಬೇಗ ಕಣ್ಣಿನಿಂದ ಮರೆಯಾದರೆ ಸಾಕೆನಿಸಿತು. ಪೆನ್ನು ತೆಗೆದು, ನನ್ನ ಪೂರ್ಣ ಹೆಸರನ್ನು, ಲಗಮಪ್ಪ ಎಂಬುದರ ಒತ್ತಕ್ಷರ ಸಮೇತ, ಸ್ಫುಟವಾಗಿ ಬರೆದು ಎದ್ದು ಬಂದೆ.

ಬುಧವಾರ ಎರಡು ಗಂಟೆಗೆ ಗ್ರಂಥಾಲಯಕ್ಕೆ ಹೋಗುವುದು ಇಂದಿಗೂ ನನ್ನ ರೂಢಿ. ಅದೇ ರೂಢಿಯನ್ನು ಬಿಡದ ಇನ್ನೊಬ್ಬಳು ಹಾಜಿರಾಬಿ. ವಜೀರ ತೀರಿಕೊಂಡು ಹತ್ತು ವರ್ಷವಾಯಿತು. ಮಾಲವ್ವ ಹೋದದ್ದು ಹಿಂದಿನ ವರ್ಷದ ದೀಪಾವಳಿಗೆ ಮುಂಚೆ. ಎಪ್ಪತ್ತೆರಡರ ಹಾಜಿರಾಬಿ ಒಬ್ಬಳೇ, ಬಿಳಿಯ ದುಪಟ್ಟಾ ಹೊದ್ದು, ಒಂದು ಕೈ ಗೋಡೆಗೆ ಆನಿಸುತ್ತ ಬರುತ್ತಾಳೆ. ಕಾದಂಬರಿಗಳ ಕಪಾಟಿನ ಮುಂದೆ ಸ್ಟೂಲು ಎಳೆದುಕೊಂಡು, ಒಂದೊಂದೇ ಪುಸ್ತಕವನ್ನು ತೆಗೆದು ಕೊನೆಯ ಪುಟ ನೋಡುತ್ತಾಳೆ, ನಡುವಿನ ಪುಟ ನೋಡುತ್ತಾಳೆ, ಮತ್ತೆ ಇಡುತ್ತಾಳೆ. ಒಂದು ವರ್ಷದಿಂದ ಒಂದು ಪುಸ್ತಕವನ್ನೂ ಮನೆಗೆ ಒಯ್ದಿರಲಿಲ್ಲ. ಗೆಳತಿಯ ಅಗಲಿಕೆಯಿಂದ ಓದಿನ ಮೇಲಿನ ಮನಸ್ಸು ಹೋಗಿರಬೇಕೆಂದು ನಾನು ತಿಳಿದುಕೊಂಡಿದ್ದೆ.

ಆ ದಿನ ಅವಳು ಕಪಾಟಿನ ಮುಂದೆ ನಿಂತೇ ಇದ್ದಳು. ಅರ್ಧ ಕಪಾಟು ಬರಿದಾಗಿತ್ತು.

"ಇಲ್ಲಿದ್ದ ಪುಸ್ತಕ ಎಲ್ಲಿ ಹೋದೂವ್ರಿ ಸರ್?"

"ತಗದು ಹಾಕೇವ್ರಿ," ಎಂದೆ. "ಯಾರೋ ತಿಳಿಗೇಡಿಗಳು ಒಂದೂ ಬಿಡಲಾರದ ಕೊನೀ ಹಾಳಿಗೆ ಬಣ್ಣಾ ಹಚ್ಯಾರ. ಮೆಹಂದಿ ಇದ್ದಂಗ ಐತಿ."

ಹಾಜಿರಾಬಿ ಸ್ಟೂಲಿನ ಮೇಲೆ ಕುಳಿತಳು. ದುಪಟ್ಟಾದ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇದ್ದಂಗ ಅಲ್ರಿ. ಮೆಹಂದೀನ. ಆ ತಿಳಿಗೇಡಿ ನಾನ."

ಸಾಯಿಮಾ ಕಂಪ್ಯೂಟರಿನಿಂದ ತಲೆಯೆತ್ತಿದಳು.

"ನೀವಾ?" ಎಂದೆ. "ಉತ್ತಮ ವಾಚಕಿ ಅಂತ ನಾ ಪ್ರಶಸ್ತಿ ಕೊಟ್ಟ ಹಾಜಿರಾಬಿಯೇನ್ರಿ ಪುಸ್ತಕ ಹೊಲಸ ಮಾಡಿದ್ದು? ಯಾಕ?"

"ಮುಗಿಸಿದ ಪುಸ್ತಕ ಯಾವುದು ಅಂತ ಗುರ್ತಾ ಸಿಗಬೇಕಲ್ರಿ. ಅದನ್ನ ತಿರುಗಿ ಒಯ್ದರ ಒಂದು ವಾರ ಹಾಳಾಗತೈತಿ."

"ಹೆಸರು ಓದಿದ್ರ ಗುರ್ತಾ ಸಿಗತೈತಿ!"

"ಓದಾಕ ಬರಬೇಕಲ್ರಿ," ಎಂದಳು ಹಾಜಿರಾಬಿ. "ನಂಗ ಕನ್ನಡ ಓದಾಕ ಬರೂದಿಲ್ಲ ಸರ್. ಉರ್ದು ಬರತೈತಿ. ಕನ್ನಡ ಮಾತಾಡಾಕ ಬರತೈತಿ, ಅಷ್ಟ."

ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. "ಸಾಧ್ಯವಿಲ್ಲ. ನನ್ನ ಎದುರಿಗೆ ನೀವು ಪೇಪರ್ ಓದೀರಿ. ಒಂದು ಅಕ್ಷರ ತಪ್ಪಿರಲಿಲ್ಲ!"

"ನನಗಿಂತ ಮೊದಲ ಮಾಲವ್ವ ಓದಿದ್ಲಲ್ರಿ. ಅಕಿ ತಡದು ತಡದು ಓದೂ ಪುರಸತ್ತಿನ್ಯಾಗ ನಂಗ ಬಾಯಿಪಾಠ ಆತು. ಆರು ವರ್ಷದ ಹುಡುಗಿ ಇದ್ದಾಗಿಂದ ಕುರಾನ್ ಬಾಯಿಪಾಠ ಮಾಡಿದಾಕಿ ನಾ; ನಾಲ್ಕು ಸಾಲಿನ ಸುದ್ದಿ ಏನ್ ದೊಡ್ಡದ್ರಿ?"

ಸಾಯಿಮಾ ಬಾಯಿಗೆ ಕೈ ಮುಚ್ಚಿಕೊಂಡರೂ ನಗು ಹೊರಗೆ ಬಂದೇಬಿಟ್ಟಿತು. ಪರೀಕ್ಷೆಗೆ ಓದುತ್ತಿದ್ದವರು ಒಟ್ಟಾಗಿ ತಿರುಗಿ 'ಶ್' ಎಂದರು. ನನಗೆ ನಗು ಬರಲಿಲ್ಲ. ಮೂವತ್ತೊಂಬತ್ತು ವರ್ಷ ನಾನು ಸಭೆ ಸಭೆಗಳಲ್ಲಿ ವರ್ಣಿಸಿದ ಆ ನಿರರ್ಗಳ ಓದು ಓದೇ ಆಗಿರಲಿಲ್ಲ.

"ಹಂಗಾರ ನಾನೂರು ಪುಸ್ತಕ?" ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ಮಾಲವ್ವ ಓದಾಕಿ, ನಾ ಕೇಳಾಕಿ. ಒಂದು ಕಾರ್ಡಿಗೆ ಒಂದ ಪುಸ್ತಕ ಅಂದಿದ್ರಿ ನೀವು. ಒಂದು ವಾರಕ್ಕ ಒಂದು ನಮಗ ಸಾಲತಿದ್ದಿಲ್ಲ. ನನ್ನ ಕಾರ್ಡಿನ್ಯಾಗೂ ತರತಿದ್ವಿ. ದಿನಾ ಮಧ್ಯಾಹ್ನ ಅಕಿ ಒಗ್ಗರಣಿ ಮುಗಿಸಿ ಕೈ ಒರಸ್ಕೊಂಡು ಬಂದು ಕುಂಡರಾಕಿ. ಎಷ್ಟ ಒರಸಿದ್ರೂ ಅರಿಷಿಣ ಹೋಗ್ತಿದ್ದಿಲ್ಲ. ಎಲ್ಲಿ ನಿಂತಳೋ ಅಲ್ಲಿ ಹೆಬ್ಬಟ್ಟು ಒತ್ತಾಕಿ. ಪೂರಾ ಮುಗೀತಂದ್ರ ಕೊನೀಗೆ ನಂದೊಂದು ಚುಕ್ಕಿ."

"ನನಗ ಹೇಳಬೇಕಿತ್ತಲ್ರಿ?"

"ಹೇಳಿದ್ರ ಕಾರ್ಡು ಕಸಗೋತಿದ್ರಿ."

ಅವಳು ಹೇಳಿದ್ದು ಸತ್ಯ. ಕಸಿದುಕೊಳ್ಳುತ್ತಿದ್ದೆ. ಷರತ್ತನ್ನು ಕೆಂಪು ಶಾಯಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದವನು ನಾನೇ.

ಸಾಯಿಮಾ ಎದ್ದು ಬಂದು, ತನ್ನ ಅಜ್ಜಿಯ ಬಳಿ ಕೂಡುವವಳಂತೆ ಅವಳ ಪಕ್ಕ ನೆಲದ ಮೇಲೆ ಕುಳಿತಳು. "ನಾನಿ, ಹಂಗಾದ್ರ ಈ ಒಂದು ವರ್ಷ ಏನ ಹುಡಕಾಕತ್ತಿದ್ರಿ?"

ಹಾಜಿರಾಬಿ ಬರಿದಾದ ಕಪಾಟನ್ನೇ ನೋಡುತ್ತಿದ್ದಳು.

"ಒಂದು ಪುಸ್ತಕ ಅರ್ಧಕ್ಕ ನಿಂತೈತಿ ಬೇಟಾ. ಒಂದು ಹುಡುಗಿ ಟ್ರಂಕ್ ತಗೊಂಡು ಮನಿ ಬಿಟ್ಟು ಬಂದಾಳ. ಟೇಶನ್ನಿನ್ಯಾಗ ಕುಂತಾಳ. ಗಾಡಿ ಬರೂ ಹೊತ್ತಾಗೇತಿ. ಅಷ್ಟರಾಗ ಅವರಪ್ಪ ಓಡಿ ಬಂದು ಅಕಿ ಮುಂದ ನಿಂತ. ಅಲ್ಲಿಗೆ ಮಾಲವ್ವ ಹೆಬ್ಬಟ್ಟು ಒತ್ತಿದ್ಲು. 'ಉಳದದ್ದು ನಾಳೆ ಹಾಜಿರಾ, ಇವತ್ತ ಯಾಕೋ ಮೈ ಬಿಸಿ ಐತಿ' ಅಂದ್ಲು. ಮರುದಿನ ಅಕಿನ್ನ ಧಾರವಾಡಕ್ಕ ಒಯ್ದ್ರು. ಒಂಬತ್ತ ದಿನ." ದುಪಟ್ಟಾದ ಸೆರಗನ್ನು ಮತ್ತೆ ಬೆರಳಿಗೆ ಸುತ್ತಿದಳು. "ಅವರ ಸೊಸಿ ಮನ್ಯಾಗಿನ ಪುಸ್ತಕ ಎಲ್ಲಾ ತಂದು ಇಲ್ಲಿ ವಾಪಸ್ ಕೊಟ್ಲು. ಆ ಹುಡುಗಿ ಒಂದು ವರ್ಷ ಆತು, ಟೇಶನ್ನಿನ್ಯಾಗ ಕುಂತಾಳ. ನಾ ಅಕಿನ್ನ ಅಲ್ಲೇ ಬಿಟ್ಟು ಬಂದಂಗ ಆಗೇತಿ."

"ಪುಸ್ತಕದ ಹೆಸರು?"

"ಗೊತ್ತಿಲ್ಲ. ರಟ್ಟಿನ ಮ್ಯಾಲ ಅರಿವಿ ಹಚ್ಚೇತಿ, ಚಿತ್ರ ಇಲ್ಲ. ಹೆಬ್ಬಟ್ಟು ಅರ್ಧದ ತನಕ ಇರತಾವು, ಕೊನೀಗೆ ನನ್ನ ಚುಕ್ಕಿ ಇರೂದಿಲ್ಲ. ಅದೊಂದ ಗುರ್ತಾ."

"ಯಾರನ್ನರ ಕೇಳಬಾರದಿತ್ತೇನ ನಾನಿ? ನನ್ನನ್ನ ಕೇಳಿದ್ರ ಆಗತಿತ್ತು."

"ಹೆಂಗ ಕೇಳ್ಲಿ? ಗ್ವಾಡಿ ಮ್ಯಾಲ ಸಾಹೇಬ್ರು ಕೊಟ್ಟ ಸರ್ಟಿಫಿಕೇಟ್ ಐತಿ. ಮೊಮ್ಮಗ ಆಕಿಬ ಬಂದವರಿಗೆಲ್ಲ ಅದನ್ನ ತೋರಸ್ತಾನ. 'ನಮ್ಮ ದಾದಿಮಾ ಊರಿಗೆ ನಂಬರ್ ಒನ್' ಅಂತಾನ."

ಹಿಂದುಗಡೆ ಗಾಡಿಗೆ ಕಟ್ಟು ಎಸೆಯುವ ಸದ್ದು ಕೇಳಿಸಿತು; ರದ್ದಿಯವನು ಮೊದಲೇ ಬಂದುಬಿಟ್ಟಿದ್ದ. ಗಡಿಯಾರ ಮೂರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಸಾಯಿಮಾ ನನ್ನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ಹಿಂದಿನ ಪಡಸಾಲೆಗೆ ಓಡಿದೆವು. ನನ್ನ ವಯಸ್ಸಿಗೆ ಅದು ಓಟವೇ.

ಸುತಳಿಯಿಂದ ಬಿಗಿದ ಹದಿನಾರು ಕಟ್ಟುಗಳಲ್ಲಿ ಒಂಬತ್ತು ಆಗಲೇ ಟೆಂಪೋ ಏರಿದ್ದವು. ರದ್ದಿ ವ್ಯಾಪಾರದ ಆಶಿಕ ಹತ್ತನೆಯದನ್ನು ಹೆಗಲಿಗೆ ಎತ್ತುತ್ತಿದ್ದ.

"ಇಳಿಸಪಾ," ಎಂದೆ.

"ಏರಿಸಾಕ ಬಂದೇನ್ರಿ ಸರ್, ಇಳಿಸಾಕಲ್ಲ."

"ಎಲ್ಲಾ ಇಳಿಸು. ಬಿಚ್ಚಬೇಕು."

"ಸೋಮವಾರ ಕಟ್ಟಿಸೀರಿ, ಬುಧವಾರ ಬಿಚ್ಚಸ್ತೀರಿ. ನಮ್ಮ ಮನ್ಯಾಗ ಸಾಮಾನು ಕಟ್ಟೂದು ಬಿಚ್ಚೂದು ನಮ್ಮವ್ವ ಮಾಡ್ತಾಳ್ರಿ, ಅಕೀಗೆ ಎಂಬತ್ತು ವರ್ಷ. ನೀವು ಈಗ ಶುರು ಮಾಡೀರಿ?" ಎಂದ ಆಶಿಕ, ಬೈಯುತ್ತಲೇ ಕಟ್ಟನ್ನು ಕೆಳಗಿಟ್ಟ.

ಸಾಯಿಮಾ ನನ್ನನ್ನು ಬದಿಗೆ ಕರೆದಳು. ಅವಳ ಮುಖ ಬಾಡಿತ್ತು. "ಸರ್, ಮೂರೂ ಸಹಿ ಆಗ್ಯಾವು. ರಜಿಸ್ಟರಿನ್ಯಾಗ ಒಂದೊಂದೂ ನಂಬರಿಗೆ ಕೆಂಪು ಗೆರೀ ಎಳದೇನಿ. ಕಾಗದದ ಪ್ರಕಾರ ಇವು ಈಗ ನಮ್ಮವಲ್ಲ. ಪಟ್ಟಿ ಮಾಡಿದಾಕಿ ನಾನು. ಮಾರ್ಚಿನ್ಯಾಗ ನನ್ನ ಗುತ್ತಿಗಿ ಮುಂದುವರಸ್ತಾರೋ ಇಲ್ಲೋ…"

ಹನ್ನೊಂದು ಪತ್ರ ಬರೆದವನಿಗೆ ಹನ್ನೆರಡನೆಯದು ಕಷ್ಟವಾಗಬಾರದಿತ್ತು. ಆದರೆ ಆ ಹನ್ನೊಂದರಲ್ಲಿ ನಾನು ಮತ್ತೊಬ್ಬರ ತಪ್ಪನ್ನು ತೋರಿಸಿದ್ದೆ. ಪಡಸಾಲೆಯ ಕಟ್ಟೆಯ ಮೇಲೆ ಕುಳಿತು, ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬರೆದೆ: 'ಸದರಿ ಗುರುತುಗಳು ವಾಚಕರು ಗ್ರಂಥಗಳನ್ನು ಕೆಡಿಸಿದ್ದರ ಕುರುಹಲ್ಲ, ಕೊನೆಯವರೆಗೆ ಅವನ್ನು ಅನುಭವಿಸಿದ್ದರ ಕುರುಹು. ವಿಚಾರಿಸದೆ ಸಹಿ ಮಾಡಿದ್ದು ನನ್ನ ತಪ್ಪು, ಪಟ್ಟಿಯನ್ನು ಸಿದ್ಧಪಡಿಸಿದವರದಲ್ಲ. ನನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇನೆ.' ಪಟ್ಟಿಯನ್ನು ತರಿಸಿ ನನ್ನ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದೆ. ಪೆನ್ನಿನ ಮೊನೆ ಕಾಗದವನ್ನು ತುಸು ಹರಿಯಿತು.

"ಹುಳಾ ತಿಂದ ನಲವತ್ತು ಒಯ್ಯಿ," ಎಂದು ಆಶಿಕನಿಗೆ ಹೇಳಿದೆ. "ಉಳದದ್ದು ಇರಲಿ."

"ನಲವತ್ತಕ್ಕ ಟೆಂಪೋ ತಂದೆ ಅಂದ್ರ ನನ್ನ ಹೆಂಡ್ತಿ ನನ್ನ ರದ್ದಿಗೆ ಹಾಕ್ತಾಳ್ರಿ," ಎಂದ ಅವನು. ಆದರೆ ಹೋಗಲಿಲ್ಲ. ಸುತಳಿಯ ಗಂಟು ಬಿಚ್ಚುವುದರಲ್ಲಿ ಅವನ ಬೆರಳುಗಳು ನಮ್ಮಿಬ್ಬರಿಗಿಂತ ಚುರುಕಾಗಿದ್ದವು.

ಹಾಜಿರಾಬಿಗೆ ಕುರ್ಚಿ ಹಾಕಿದೆವು. ನಾವು ಮೂವರೂ ನೆಲದ ಮೇಲೆ ಕುಳಿತು ಕಟ್ಟುಗಳನ್ನು ಬಿಚ್ಚಿ ಒಂದೊಂದೇ ಪುಸ್ತಕದ ಕೊನೆಯ ಪುಟ ನೋಡತೊಡಗಿದೆವು. ಚುಕ್ಕೆ. ಚುಕ್ಕೆ. ಮತ್ತೆ ಚುಕ್ಕೆ. ಕೆಲವು ಕಪ್ಪಾಗಿದ್ದವು, ಕೆಲವು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಸೋಮವಾರ ಇವನ್ನು ನೋಡಿದಾಗ ನಾಚಿಕೆಯಾಗಿತ್ತು. ಈಗ ಒಂದೊಂದು ಚುಕ್ಕೆ ಕಂಡಾಗಲೂ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತಿತ್ತು: ಪಡಸಾಲೆಯ ನೆರಳು, ಒಬ್ಬಳ ಬೆರಳು ಸಾಲಿನ ಮೇಲೆ ಸರಿಯುವುದು, ಇನ್ನೊಬ್ಬಳು ಮಡಿಲಲ್ಲಿ ಕೈ ಕಟ್ಟಿ ಕುಳಿತಿರುವುದು. ಬಾಗಿಲು ತೆರೆದವನು ನಾನೇ. ಅದರಾಚೆ ಏನು ನಡೆಯಿತೆಂದು ಒಂದು ದಿನವೂ ನೋಡಿದವನಲ್ಲ.

ಹನ್ನೆರಡನೆಯ ಕಟ್ಟಿನಲ್ಲಿ ಆಶಿಕ ಒಂದನ್ನು ಎತ್ತಿ ಹಿಡಿದ. "ಇದಕ ಚುಕ್ಕಿ ಇಲ್ಲ ನೋಡ್ರಿ."

ಬೂದುಬಣ್ಣದ ಅರಿವೆಯ ರಟ್ಟು. ಮೊದಲ ಹಾಳೆಗಳು ಹರಿದು, ಹೆಸರೇ ಉಳಿಯದ ಪುಸ್ತಕ; ಅದಕ್ಕೇ ಕಪಾಟಿಗೆ ಮರಳದೆ ದುರಸ್ತಿಯ ರಾಶಿಯಲ್ಲಿ ಉಳಿದಿರಬೇಕು. ಸಾಯಿಮಾ ಪುಟ ತಿರುವಿದಳು. ಹೆಬ್ಬೆಟ್ಟುಗಳು ಹನ್ನೆರಡು ಹದಿನೈದು ಪುಟಕ್ಕೊಂದರಂತೆ ಬರುತ್ತ ಬರುತ್ತ ನೂರ ನಲವತ್ತೊಂದನೆಯ ಪುಟದಲ್ಲಿ ನಿಂತುಹೋಗಿದ್ದವು. ಅಲ್ಲಿಂದ ಮುಂದೆ ಹಾಳೆಗಳು ಶುಭ್ರ. ಅವಳು ಆ ಪುಟವನ್ನು ಹಾಜಿರಾಬಿಯ ಮಡಿಲಲ್ಲಿ ಇಟ್ಟಳು.

ಹಾಜಿರಾಬಿ ಬಾಗಿ ನೋಡಿದಳು. ತನ್ನ ಹೆಬ್ಬೆರಳನ್ನು ಹಳದಿಯ ಗುರುತಿನ ಮಗ್ಗುಲಿಗೆ, ಅದಕ್ಕೆ ತಾಗದಂತೆ ಇಟ್ಟಳು.

"ಇದು ಉಳದದ್ದಕ್ಕಿಂತ ಮಸುಕು ಐತಿ," ಎಂದಳು. "ಆ ದಿನ ಅಕಿ ಅಡಗಿ ಮಾಡಿರಲಿಲ್ಲ. ನಾನ ಗಂಜಿ ಒಯ್ದು ಕೊಟ್ಟಿದ್ದೆ."

ಆಶಿಕ ಎದ್ದು ಟೆಂಪೋದ ಕಡೆ ಹೋಗಿ ಅಲ್ಲಿ ಏನನ್ನೋ ಸರಿಪಡಿಸುವವನಂತೆ ನಿಂತ.

ನಾನು ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಕೈ ನೀಡಿದೆ. "ಕೊಡ್ರಿ. ನಾ ಓದ್ತೇನಿ."

"ನೀವು ಬ್ಯಾಡ್ರಿ ಸರ್," ಎಂದಳು ಹಾಜಿರಾಬಿ ತಟ್ಟನೆ. "ನೀವು ಓದಿದ್ರ ಸ್ವಾತಂತ್ರ್ಯ ದಿನಾಚರಣಿ ಭಾಷಣ ಕೇಳಿದಂಗ ಆಗತೈತಿ. ಪಾಪ, ಆ ಹುಡುಗಿ ಎದ್ದು ನಿಂತು ಸಲ್ಯೂಟ್ ಹೊಡೀತಾಳ. ಈ ಕೂಸು ಓದಲಿ."

ಈ ಸಲ ನನಗೂ ನಗು ಬಂತು.

ಒಳಗೆ ಓದುವಂತಿರಲಿಲ್ಲ, ಪರೀಕ್ಷೆಯ ಮಕ್ಕಳು ಗದರುತ್ತಾರೆ. ಪಡಸಾಲೆಯಲ್ಲಿಯೇ, ಬಿಚ್ಚಿದ ಕಟ್ಟುಗಳ ನಡುವೆ ಸಾಯಿಮಾ ಓದತೊಡಗಿದಳು. ಗ್ರಂಥಸ್ಥ ಭಾಷೆ, ವಾಕ್ಯಗಳು ಉದ್ದವಾಗಿದ್ದವು. ಒಂದು ಪುಟ ಮುಗಿಯುವುದರೊಳಗೆ ಹಾಜಿರಾಬಿ ಕೈ ಅಡ್ಡ ಹಿಡಿದಳು.

"'ಪಿತನು ದಿಗ್ಭ್ರಾಂತನಾಗಿ ನಿಂತನು' ಅಂದಿ. ಹಂಗಂದ್ರ ಏನ?"

"ಅವರಪ್ಪಗ ಏನೂ ತಿಳೀಲಾರದಂಗ ಆತು, ಸುಮ್ಮ ನಿಂತ."

"ಹಂಗ ಓದವಾ. ಮಾಲವ್ವ ಹಂಗ ಓದಾಕಿ. ಪುಸ್ತಕದಾಗಿನ ಮಂದಿ ಎಲ್ಲಾ ನಮ್ಮ ಓಣಿಯವರಂಗ ಮಾತಾಡಾವ್ರು."

ಸಾಯಿಮಾ ನನ್ನ ಕಡೆ ನೋಡಿದಳು. ಗ್ರಂಥಕರ್ತನ ಒಂದು ಪದವನ್ನೂ ಬದಲಿಸಬಾರದೆಂದು ಅವಳಿಗೆ ಬೋಧಿಸಿದವನು ನಾನು. ತಲೆಯಾಡಿಸಿದೆ. ಅವಳು ಮೊದಮೊದಲು ತಡವರಿಸಿ, ಆಮೇಲೆ ಸಲೀಸಾಗಿ, ಪುಟದ ಮೇಲಿನ ಮಾತನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದಳು. ತಂದೆ ಮಗಳನ್ನು ಬೈಯಲಿಲ್ಲ. ಅವಳ ಟ್ರಂಕನ್ನು ನೋಡಿದ, ಅವಳ ಚಪ್ಪಲಿ ಇಲ್ಲದ ಕಾಲನ್ನು ನೋಡಿದ. ರೈಲು ಬಂತು. ಅವನು ತನ್ನ ಚಪ್ಪಲಿಯನ್ನು ಕಳಚಿ ಅವಳ ಮುಂದೆ ಇಟ್ಟ. ಹುಡುಗಿ ಆ ದೊಡ್ಡ ಚಪ್ಪಲಿಗಳನ್ನು ಮೆಟ್ಟಿಕೊಂಡೇ ಗಾಡಿ ಹತ್ತಿದಳು.

ಹಾಜಿರಾಬಿ ಪುಸ್ತಕದ ಕಡೆ ಬಾಗಿದಳು. "ಹತ್ತಿದ್ಲಾ?" ಎಂದು ಕೇಳಿದಳು.

"ಹತ್ತಿದ್ಲು ನಾನಿ. ಇನ್ನ ಎಂಬತ್ತು ಪುಟ ಅದಾವು."

"ಇರಲಿ. ಮುಂದಿನ ಬುಧವಾರ. ಕುಂತ ಜಾಗಾದಿಂದ ಎದ್ಲಲ್ಲ, ಸಾಕು ಇವತ್ತಿಗೆ." ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಸರ್, ನಿಮಗ ಒಂದು ಮಾತು ಹೇಳೂದು ಉಳದೈತಿ. ಬೇಸರ ಮಾಡ್ಕೋಬ್ಯಾಡ್ರಿ. ನೀವು ಎಲ್ಲಾರ ಮುಂದ ಹೇಳ್ತೀರಲ್ಲ, ಐದು ಬುಧವಾರ ಯಾರೂ ಬರಲಿಲ್ಲ ಅಂತ."

"ಬರಲಿಲ್ಲವಲ್ಲ."

"ಬಂದಿದ್ವಿ. ಐದೂ ವಾರ ಬಂದಿದ್ವಿ. ಎದುರಿನ ಸೈಕಲ್ ಅಂಗಡಿ ಮಗ್ಗಲ ನಿಂತು ನಿಮ್ಮನ್ನ ನೋಡಿ ಹೋಗಿದ್ವಿ. ಒಳಗ ಹೆಜ್ಜಿ ಇಡಾಕ ಧೈರ್ಯಾ ಆಗ್ತಿದ್ದಿಲ್ಲ."

"ಆರನೇ ವಾರ ಹೆಂಗ ಆತ್ರಿ?"

"ಆ ದಿನ ನೀವು ಕುರ್ಚಿ ಮ್ಯಾಲ ಬಾಯಿ ತಗದು ನಿದ್ದಿ ಹೊಡದಿದ್ರಿ. ಮಾಲವ್ವ ಅಂದ್ಲು, 'ಹಾಜಿರಾ, ಇವನ ಗೊರಕಿ ನಮ್ಮ ಮನಿಯವರ ಗೊರಕಿ ಇದ್ದಂಗ ಐತಿ. ಇಂಥಾವ್ಗ ಏನ್ ಅಂಜೂದು, ನಡಿ ಹೋಗೂಣು' ಅಂತ. ಕೈ ಹಿಡದು ನನ್ನ ಎಳಕೊಂಡು ಬಂದ್ಲು."

ನಾನು ಆ ಆರನೆಯ ಬುಧವಾರವನ್ನು ಎಷ್ಟೋ ರೀತಿಯಲ್ಲಿ ಬಣ್ಣಿಸಿದ್ದೇನೆ: ದೃಢವಾಗಿ ಕಾಯುತ್ತ ಕುಳಿತ ತರುಣ ಗ್ರಂಥಪಾಲಕ, ತೆರೆದ ಬಾಗಿಲು, ಹೊಸ್ತಿಲು ದಾಟಿದ ಇಬ್ಬರು ಮಹಿಳೆಯರು. ಗೊರಕೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ರಸ್ತೆಯಾಚೆ ಐದು ವಾರ ನಿಂತ ಆ ಇಬ್ಬರೂ ಇರಲಿಲ್ಲ. ಕೈ ಹಿಡಿದು ಎಳೆದವಳಂತೂ ಇರಲೇ ಇಲ್ಲ. ಕೆಳಗೆ ಬಿದ್ದ ಸುತಳಿಯ ತುಂಡುಗಳನ್ನು ಆರಿಸತೊಡಗಿದೆ.

ಆಶಿಕ ತನ್ನ ನಲವತ್ತು ಪುಸ್ತಕಗಳನ್ನು ಏರಿಸಿದ್ದ. ಆದರೂ ಟೆಂಪೋದ ಚಕ್ರಕ್ಕೆ ಒರಗಿ ಅಲ್ಲೇ ನಿಂತಿದ್ದ. ಸಾಯಿಮಾ ನೆಲದಿಂದ ಎದ್ದಳು. ಓದುಕೋಣೆಯಿಂದ ಇನ್ನೊಂದು ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಹಾಜಿರಾಬಿಯ ಎದುರಿಗೆ ಹಾಕಿದಳು. ನನ್ನ ಕೈಯ ಸುತಳಿಯನ್ನು ತೆಗೆದುಕೊಂಡು ನನ್ನನ್ನು ಅದರ ಮೇಲೆ ಕೂಡಿಸಿದಳು. ತಾನು ಮತ್ತೆ ಪುಸ್ತಕಗಳ ನಡುವೆ ಕಾಲು ಮಡಚಿ ಕುಳಿತಳು.

"ಐದೂವರಿ ಬಸ್ಸಿಗೆ ಇನ್ನ ಟೈಮ್ ಐತ್ರಿ ಸರ್," ಎಂದಳು. "ಆ ಬುಧವಾರದ ಕಥಿ ಇನ್ನೊಮ್ಮೆ ಹೇಳ್ರಿ, ಮೊದಲಿಂದ. ಈ ಸಲ ನಾನಿ ನಡುನಡುವ ತಿದ್ದಲಿ."